ಒಂದೇ ನಮೂನೆಯ ಬಿಳಿ

ಗಡ್ಡ ಬೋಳಿಸಿಕೊಂಡದ್ದು ತಪ್ಪಾಯಿತೆಂದು ಜಹಾಂಗೀರನಿಗೆ ಬ್ಯಾಡಗಿಯ ಬಸ್‌ಸ್ಟ್ಯಾಂಡು ತಲುಪುವಷ್ಟರಲ್ಲೇ ಅನ್ನಿಸತೊಡಗಿತ್ತು. ಪೇಟೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ಒಣಮೆಣಸಿನಕಾಯಿಯ ಘಾಟಿತ್ತು. ಈ ಊರಲ್ಲಿ ಹುಟ್ಟಿದ ಮೂಗಿಗೆ ಅದು ತಿಳಿಯುವುದೇ ಇಲ್ಲ. ಆದರೆ ಅಣ್ಣನ ಹಳೆಯ ಬ್ಲೇಡು ಎರಡು ಕಡೆ ಕೊಯ್ದಿದ್ದ ಗಲ್ಲಕ್ಕೆ ತಿಳಿಯುತ್ತಿತ್ತು, ಉರಿಯುತ್ತಿತ್ತು. ಅವನೇನು ಭಕ್ತಿಯಿಂದ ಗಡ್ಡ ಬಿಟ್ಟವನಲ್ಲ. ಪುಣೆಯ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಗಳ ಮುಂದೆ ನಿಂತು ನಿಂತು, ಕನ್ನಡಿ ನೋಡಲು ಪುರುಸೊತ್ತಿಲ್ಲದೆ ತಾನಾಗಿ ಬೆಳೆದ ಗಡ್ಡ ಅದು. ರಮಜಾನ್ ಹಬ್ಬಕ್ಕೆಂದು ಬಂದವನು ಹಬ್ಬ ಮುಗಿಸಿ ಬೆಂಗಳೂರಿಗೆ ಹೊರಡುವ ಮುಂಜಾನೆ ತಾಯಿ ಬಿಸ್ಮಿಲ್ಲಾಬಿ ಬಿಸಿನೀರಿನ ತಂಬಿಗೆ ತಂದು ಮುಂದಿಟ್ಟಿದ್ದಳು. 'ದಾರ್‍ಯಾಗ ಪೊಲೀಸರು ಬಸ್ಸು ನಿಂದರಸಾಕತ್ತಾರಂತ. ಮುಂಬೈದಾಗ ಬಾಂಬು ಸಿಡದಾಗಿಂದ ಎಲ್ಲಾ ಕಡೆ ಹಂಗ ಐತಿ. ಅದನ್ನ ತಗದು ಹೋಗಪಾ.' ಮನೆಯಲ್ಲಿ ಉರ್ದುವಿನಲ್ಲೇ ಮಾತಾಡುವ ಅವಳು ಹೆದರಿದಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು, ಓಣಿಯವರಿಗೂ ಕೇಳಲಿ ಎನ್ನುವಂತೆ. ಅವನು 'ನಾ ಯಾಕ ತಗೀಲಿ' ಎಂದು ಗದರಿದ. ಗದರಿದ ಮೇಲೆ ಕೂತು ಬೋಳಿಸಿಕೊಂಡ. ಸಿಟ್ಟಿಗೆ ಕಾರಣ ಅದೇ. ಬೋಳಿಸಿಕೊಳ್ಳುವುದೇ ಆದರೆ ಮುದುಕಿಯನ್ನು ಗದರಬಾರದಿತ್ತು. ಗದರಿದ ಮೇಲೆ ಬೋಳಿಸಿಕೊಳ್ಳಬಾರದಿತ್ತು.

ಬಸ್ಸಿನಲ್ಲಿ ಕಿಟಕಿಯ ಕಡೆಯಿಂದ 'ಯಾರದು, ಜಹಾಂಗೀರನಾ?' ಎಂಬ ದನಿ ಕೇಳಿದಾಗ ಎದೆ ಹಗುರಾಯಿತು. ಪ್ರಭುಲಿಂಗಪ್ಪ ಸರ್. ರಾಣೆಬೆನ್ನೂರಿನ ಕಾಲೇಜಿನಲ್ಲಿ ಅವನಿಗೆ ರಸಾಯನಶಾಸ್ತ್ರ ಕಲಿಸಿದವರು. ವರ್ಷದ ಮೆಣಸಿನಕಾಯಿ ಕೊಳ್ಳಲು ಬ್ಯಾಡಗಿಗೆ ಬಂದಿದ್ದವರು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಹಿಂದಿನ ಸೀಟಿನವನಿಗೆ ಕೇಳುವಂತೆ, 'ನಮ್ಮ ಹುಡುಗ. ಪುಣೆದಾಗ ದೊಡ್ಡ ಸೈಂಟಿಸ್ಟ್ ಆಗ್ಯಾನ' ಎಂದರು. ಜಹಾಂಗೀರ ನಾಚಿದ. ಸರ್‌ರ ಕೂದಲು ಬೆಳ್ಳಗಾಗಿತ್ತು, ಆದರೆ ಮಾತಿನ ನಡುವೆ ಕನ್ನಡಕ ತೆಗೆದು ಧೋತರದ ಚುಂಗಿಗೆ ಒರೆಸಿಕೊಳ್ಳುವ ರೂಢಿ ಹಾಗೇ ಇತ್ತು. ಒಮ್ಮೆ ಇವರೇ ತರಗತಿಯಲ್ಲಿ ಒಂದು ಹಾಲಿನ ಚೀಲವನ್ನು ಕತ್ತರಿಸಿ ಎರಡೂ ಕೈಯಿಂದ ಜಗ್ಗಿ, ಅದು ಹರಿಯದೆ ನಡು ಸಣ್ಣದಾಗುತ್ತ ಉದ್ದವಾಗುವುದನ್ನು ತೋರಿಸಿ, 'ಒಳಗ ಏನ್ ನಡದೈತಿ ಹೇಳ್ರಿ ನೋಡೋಣ' ಎಂದಿದ್ದರು. ಯಾರೂ ಹೇಳಲಿಲ್ಲ. ಅವನೂ ಹೇಳಲಿಲ್ಲ; ಆದರೆ ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಅದೇ ವರ್ಷ ನೋಟ್ಸು ಕೇಳಲು ಇವರ ಮನೆಗೆ ಹೋದಾಗ ಸರ್‌ರ ತಾಯಿ ಅವನ ಹೆಸರು ಕೇಳಿ ಹೊರಗಿನ ಕಟ್ಟೆಯ ಮೇಲೆಯೇ ತಾಟು ಇಟ್ಟಿದ್ದರು. ಸರ್ ಒಳಗಿನಿಂದ ತಮ್ಮ ತಾಟನ್ನೂ ತಂದು ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕೂತು ರೊಟ್ಟಿ ಮುರಿದರು. ಬೀದಿಯಲ್ಲಿ ಹೋಗುವವರೆಲ್ಲ ನೋಡಿದರು. ಆ ದಿನದ ಎಣಗಾಯಿಯ ರುಚಿ ನಾಲಿಗೆಯಲ್ಲಿ ಇನ್ನೂ ಇದೆ ಎಂದು ಅವನು ಪುಣೆಯ ಗೆಳೆಯರಿಗೆ ಎಷ್ಟು ಸಲ ಹೇಳಿದ್ದನೋ.

'ಏನ್ ಮಾಡಾಕತ್ತೀದಿ ಈಗ?' ಎಂದು ಸರ್ ಕೇಳಿದರು. ಅವನು ಚೀಲದ ಬಾಯಿ ಸ್ವಲ್ಪ ತೆರೆದು, ಸ್ಟೀಲಿನ ಡಬ್ಬಿಯೊಳಗೆ ಹತ್ತಿಯಲ್ಲಿ ಸುತ್ತಿಟ್ಟ ಮೂರು ಗಾಜಿನ ಸೀಸೆಗಳನ್ನು ತೋರಿಸಿದ. ಮೂರರಲ್ಲೂ ಬಿಳಿಯ ತುಣುಕುಗಳು, ಕೊಬ್ಬರಿ ತುರಿಯಂತೆ. ಎರಡು ವರ್ಷ ಅವನು ಬದುಕಿದ್ದು ಇವಕ್ಕಾಗಿ. ಗಾಳಿಯ ಒಂದು ಉಸಿರು, ನೀರಿನ ಒಂದು ಹನಿ ಒಳಗೆ ಹೋದರೆ ಕೆಟ್ಟುಹೋಗುವ ಪಾಕ. ತಿಂಗಳುಗಟ್ಟಲೆ ಕೆಟ್ಟುಹೋಗಿತ್ತು ಕೂಡ. ಮೂರೂ ಒಂದೇ ಜಾತಿಯ ಪ್ಲಾಸ್ಟಿಕ್ಕು, ಅಂಗಡಿಯ ಕ್ಯಾರಿಬ್ಯಾಗಿನದೇ ಜಾತಿ. ಮೊದಲನೆಯದರ ಅಣು ಉದ್ದನೆಯ ನೇರ ಎಳೆ. ಎರಡನೆಯದರಲ್ಲಿ ಎಳೆಗೊಂದು ಕವಲು. ಮೂರನೆಯದರಲ್ಲಿ ಎಳೆಗೆ ನಾಲ್ಕೈದು ಕವಲು. ಕವಲುಗಳನ್ನು ಅವನೇ ಎಣಿಸಿ ಕೂರಿಸಿದ್ದ. ಹಾಗಾಗಿ ಅವು ಮೂರೂ ಅಳತೆಯ ಕೋಲುಗಳಿದ್ದಂತೆ. ಅವನ್ನು ಕರಗಿಸಿ, ಎರಡು ಬಿಲ್ಲೆಗಳ ನಡುವೆ ಹಿಡಿದು ಮೆಲ್ಲಗೆ ತಿರುವಿ, ಯಾವುದು ಎಷ್ಟು ತಡೆಯುತ್ತದೆ, ಎಷ್ಟು ಹೊತ್ತಿಗೆ ಸಡಿಲುತ್ತದೆ ಎಂದು ಅಳೆದರೆ, ಆಮೇಲೆ ಜಗತ್ತಿನ ಯಾವ ಕಾರ್ಖಾನೆಯ ಪ್ಲಾಸ್ಟಿಕ್ಕನ್ನೂ ಬರೀ ಹರಿಸಿ ನೋಡಿಯೇ ಅದರೊಳಗಿನ ಕವಲುಗಳನ್ನು ಹೇಳಬಹುದು. ಹಾಗೆ ಅಳೆಯುವ ಯಂತ್ರ ಬೆಂಗಳೂರಿನ ಒಂದು ಸಂಸ್ಥೆಯಲ್ಲಿತ್ತು. ಅದರ ಮುಂದೆ ಕೂರಲು ಅವನಿಗೆ ನಾಳೆಯ ಒಂದು ದಿನ ಸಿಕ್ಕಿತ್ತು. 'ನೀ ಹುಟ್ಟಿದ ಊರಿಗೆ ಹೆಸರು ತರ್ತಿ' ಎಂದು ಸರ್ ಅವನ ಮೊಣಕಾಲು ತಟ್ಟಿದರು. ಬಸ್ಸು ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಹೊರಳಿ, ಸ್ವಲ್ಪ ದೂರ ಹೋಗಿ ನಿಂತಿತು.

ರಸ್ತೆಯ ಪಕ್ಕ ಒಂದು ತಾತ್ಕಾಲಿಕ ಪೆಂಡಾಲು, ಅಡ್ಡ ಇಟ್ಟ ಎರಡು ಖಾಲಿ ಡ್ರಮ್ಮು. ಹತ್ತಿದ ಪೇದೆ ದಪ್ಪ ಮೀಸೆಯವನು. ಆಮೇಲೆ ತಿಳಿದಂತೆ ಅವನ ಹೆಸರು ಡಾಕಪ್ಪ. ಅವನು ಒಬ್ಬೊಬ್ಬರ ಚೀಲ ಮುಟ್ಟುತ್ತ ಬಂದ. ಸರ್‌ರ ಮೆಣಸಿನಕಾಯಿ ಚೀಲ ಒತ್ತಿ ನೋಡಿ ಸೀನಿದ. ಜಹಾಂಗೀರನ ಡಬ್ಬಿ ತೆರೆದವನು ಸೀನು ನಿಲ್ಲಿಸಿದ. 'ಏನಿದು?' 'ಪ್ಲಾಸ್ಟಿಕ್ ರೀ.' ಆ ಶಬ್ದ ಬಾಯಿಂದ ಬಿದ್ದ ಕೂಡಲೇ ಅವನಿಗೆ ತಿಳಿಯಿತು, ಬೇರೆ ಏನಾದರೂ ಅನ್ನಬೇಕಿತ್ತು; ಉಪ್ಪು ಅನ್ನಬೇಕಿತ್ತು, ಔಷಧಿ ಅನ್ನಬೇಕಿತ್ತು. ಪೇಪರಿನಲ್ಲಿ ಹದಿನೈದು ದಿನದಿಂದ ಬರುತ್ತಿದ್ದ ಸುದ್ದಿಯಲ್ಲಿ ಬಾಂಬಿನ ಜೊತೆ ಆ ಶಬ್ದವೂ ಇತ್ತು, ಪ್ಲಾಸ್ಟಿಕ್ ಸ್ಫೋಟಕವೆಂದು. 'ಹೆಸರು?' 'ಜಹಾಂಗೀರ. ಜಹಾಂಗೀರ ಗೂಡುಸಾಬ ಬ್ಯಾಡಗಿ.' ಬಸ್ಸಿನಲ್ಲಿ ಗುಜುಗುಜು ನಿಂತಿತು. ನುಣ್ಣಗಿನ ಗಲ್ಲ ಯಾವ ಉಪಯೋಗಕ್ಕೂ ಬರಲಿಲ್ಲ. 'ಇಳೀರಿ ಕೆಳಗ.'

ಕೆಳಗಿಳಿದು ಕಿಟಕಿಯ ಕೆಳಗೆ ನಿಂತಾಗಲೂ ಅವನಿಗೆ ಹೆದರಿಕೆಯಾಗಲಿಲ್ಲ. ನಗುತ್ತ ಹೇಳಿದ, 'ಅಲ್ಲಿ ನಮ್ಮ ಸರ್ ಕುಂತಾರ ನೋಡ್ರಿ, ಪ್ರಭುಲಿಂಗಪ್ಪ ಸರ್. ಅವರನ್ನ ಕೇಳ್ರಿ, ನಾ ಯಾರು ಅಂತ ಹೇಳ್ತಾರ.' ಡಾಕಪ್ಪ ತಲೆ ಎತ್ತಿ, 'ಏನ್ರಿ ಯಜಮಾನ್ರ, ಈತ ನಿಮಗ ಗೊತ್ತೇನು?' ಎಂದ. ಸರ್ ಕಿಟಕಿಯಿಂದ ಕೆಳಗೆ ನೋಡಿದರು. ಕನ್ನಡಕ ತೆಗೆದರು. ಧೋತರದ ಚುಂಗಿಗೆ ಒರೆಸಿದರು. 'ಕಾಲೇಜಿನ್ಯಾಗ ಸಾವಿರಾರು ಹುಡುಗ್ರು ಕಲತು ಹೋಗ್ಯಾರ್ರಿ. ಎಲ್ಲಾರ ಮುಖ ನೆನಪಿರೂದಿಲ್ಲ' ಎಂದರು. ದನಿ ತರಗತಿಯ ದನಿಯೇ, ಸ್ಪಷ್ಟವಾಗಿ, ಅವಸರವಿಲ್ಲದೆ. ಹಿಂದಿನ ಸೀಟಿನವನು ತಲೆ ತಗ್ಗಿಸಿದ. ಕನ್ನಡಕ ತಿರುಗಿ ಮೂಗಿನ ಮೇಲೆ ಏರಿತು, ಮುಖ ಮುಂದಕ್ಕೆ ತಿರುಗಿತು. ಕಂಡಕ್ಟರ ಸೀಟಿ ಊದಿದ. ಬಸ್ಸು ಹೊರಟ ಮೇಲೆ ಬಿದ್ದ ಬಿಸಿಲು ಒಮ್ಮೆಲೇ ಜಹಾಂಗೀರನ ನೆತ್ತಿಗೆ ಹತ್ತಿತು, ಅಷ್ಟು ಹೊತ್ತು ತಾನು ಬಸ್ಸಿನ ನೆರಳಲ್ಲಿ ನಿಂತಿದ್ದೆ ಎಂದು ಆಗಲೇ ತಿಳಿದಂತೆ.

ಪೆಂಡಾಲಿನೊಳಗೆ ಮೇಜಿನ ಹಿಂದೆ ಕೂತ ಫೌಜದಾರ ಅವನದೇ ವಯಸ್ಸಿನವನು, ಹಲ್ಲು ಬಿಳಿ, ಮಾತು ಮೆತ್ತಗೆ. ಅವನು ಬೈದಿದ್ದರೆ, ಒಂದು ಏಟು ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಜಹಾಂಗೀರನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು. ಅವನು 'ಕುಂದರ್ರಿ' ಎಂದ. ಚಹಾ ತರಿಸಿದ. ಪುಣೆಯ ಗುರುತಿನ ಚೀಟಿಯನ್ನು ತಿರುವಿ ತಿರುವಿ ನೋಡಿ, 'ಇಂಥಾವು ಎಷ್ಟು ಬೇಕಾದ್ರ ಅಷ್ಟು ಛಾಪಿಸ್ತಾರ್ರಿ ಈಗ' ಎಂದು ನಕ್ಕ. 'ನಾನೂ ಬಿ.ಎಸ್ಸಿ. ಮಾಡೇನಿ. ಇದು ಏನಂತ ನನಗ ತಿಳಿಯೂಹಂಗ ಹೇಳ್ರಿ. ಇಂಗ್ಲಿಷ್ ಬ್ಯಾಡ, ಕನ್ನಡದಾಗ ಹೇಳ್ರಿ. ತಿಳೀತಂದ್ರ ಹೋಗ್ರಿ. ತಿಳೀಲಿಲ್ಲಂದ್ರ ಹಾವೇರಿಗೆ ಕಳಸಬೇಕಾಗ್ತೈತಿ, ಅಲ್ಲಿಂದ ಧಾರವಾಡಕ್ಕ, ಅಲ್ಲಿಂದ ಎಲ್ಲಿಗೋ ನನಗೂ ಗೊತ್ತಿಲ್ಲ.'

ಜಹಾಂಗೀರ ಹೇಳಿದ. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಅವನ ಭಾಷೆಯಲ್ಲಿ ಕೇಳಿರಲಿಲ್ಲ. ಪುಣೆಯ ಗುರುಗಳ ಮುಂದೆ ಇಂಗ್ಲಿಷಿನಲ್ಲಿ ತೊದಲುತ್ತಿದ್ದವನು, ಅಣ್ಣ ಕೇಳಿದಾಗ 'ನಿನಗ ತಿಳೀದಿಲ್ಲ ಬಿಡು' ಎನ್ನುತ್ತಿದ್ದವನು, ಆ ಪೆಂಡಾಲಿನಲ್ಲಿ ಚಹಾದ ಕಪ್ಪು ಕೈಯಲ್ಲಿ ಹಿಡಿದು ಹೇಳತೊಡಗಿದರೆ ಮಾತು ತಾನಾಗಿ ಬಂತು. 'ಸರ್, ಕುದಿಸಿದ ಶಾವಿಗಿ ನೋಡೀರಲ್ರಿ. ತಾಟಿನ್ಯಾಗಿಂದ ಒಂದು ಎಳಿ ಹಿಡದು ಮೆಲ್ಲಕ ಜಗ್ಗಿದರ ಜಾರಿ ಬರ್ತೈತಿ. ಈಗ ಹೊಲದ ಬೇಲಿಗೆ ಒಟ್ಟಿದ ಜಾಲಿ ಕಂಟಿ ನೆನಸ್ಕೊಳ್ರಿ. ಅದರಾಗ ಒಂದು ಕಂಟಿ ಜಗ್ಗಿದರ?'

'ಇಡೀ ಬೇಲಿನ ಬರ್ತೈತಿ' ಎಂದ ಫೌಜದಾರ, ಮುಂದಕ್ಕೆ ಬಾಗಿ.

'ಅಷ್ಟರೀ ಸರ್. ಈ ಪ್ಲಾಸ್ಟಿಕ್ಕಿನ ಎಳಿಗೆ ಸಾವಿರ ಕೊಂಡಿ ಇದ್ರ ಎಲ್ಲೋ ಒಂದು ಕವಲು ಇರ್ತೈತಿ. ಕಣ್ಣಿಗೆ ಕಾಣೂದಿಲ್ಲ, ಎಂಥಾ ಯಂತ್ರದಾಗ ನೋಡಿದ್ರೂ ಸರಿಯಾಗಿ ಸಿಗೂದಿಲ್ಲ. ಆದ್ರ ಕರಗಿಸಿ ಹರಿಯಾಕ ಬಿಟ್ಟರ ಮುಚ್ಚಿಡಾಕ ಆಗಂಗಿಲ್ಲ. ಕವಲಿಲ್ಲದ್ದು ಜಾರ್ತೈತಿ. ಕವಲಿದ್ದದ್ದು ಬಾಜೂದವನ್ನ ಹಿಡಕೊಂಡು ನಿಂದರತೈತಿ. ಎಷ್ಟು ನಿಂದರತೈತಿ ಅನ್ನೂದರ ಮ್ಯಾಲೆ ಒಳಗ ಎಷ್ಟು ಕವಲು, ಎಷ್ಟು ಉದ್ದ, ಎಲ್ಲಾ ಲೆಕ್ಕಕ್ಕ ಬರ್ತೈತಿ.'

ಫೌಜದಾರ ಮೇಜು ತಟ್ಟಿದ. 'ಭಾಳ ಚಲೋ ಹೇಳಿದ್ರಿ. ಡಾಕಪ್ಪ, ಬಾ ಇಲ್ಲಿ, ಕೇಳು. ಇನ್ನೊಮ್ಮೆ ಹೇಳ್ರಿ, ಆ ಶಾವಿಗಿದು.' ಜಹಾಂಗೀರ ಇನ್ನೊಮ್ಮೆ ಹೇಳಿದ. ಎರಡನೆಯ ಸಲ ಇನ್ನೂ ಚೆನ್ನಾಗಿ ಹೇಳಿದ. ಕೈಯಿಂದ ಜಗ್ಗಿ ತೋರಿಸಿದ. ಡಾಕಪ್ಪ ಬಾಯಿ ತೆರೆದು ಕೇಳಿದ. ಫೌಜದಾರ ಕುರ್ಚಿಗೆ ಒರಗಿ, 'ಅಂದ್ರ ನಮ್ಮ ಕೆಲಸದಂಗನ ಅನ್ರಿ. ಮಂದೀನ ಸುಮ್ಮನ ನೋಡಿದರ ಒಳಗ ಏನೈತಿ ಗೊತ್ತಾಗೂದಿಲ್ಲ. ಸ್ವಲ್ಪ ಜಗ್ಗಬೇಕು' ಎಂದ. ಜಹಾಂಗೀರ ನಕ್ಕ. ಹಲ್ಲು ಕಾಣುವಂತೆ ನಕ್ಕ. ಆ ನಗೆ ತನ್ನ ಗಂಟಲಿನಿಂದ ಹೊರಡುವುದನ್ನು ಅವನೇ ಕೇಳಿಸಿಕೊಂಡ. ಪುಣೆಯಲ್ಲಿ ಬಾಡಿಗೆ ಕೋಣೆ ಕೇಳಲು ಹೋದಾಗಲೂ ಹೆಸರು ಕೇಳಿ 'ಕೋಣೆ ಹೋಗೇದ' ಎಂದ ಮುದುಕನ ಮುಂದೆ ಇದೇ ನಗೆ ಬಂದಿತ್ತು. ಅದು ಅವನ ಬಾಯಲ್ಲಿ ಬಹಳ ದಿನದಿಂದ ಮನೆ ಮಾಡಿಕೊಂಡ ನಗೆ, ಅವನನ್ನು ಕೇಳದೆಯೇ ಬರುವ ನಗೆ.

'ತಿಳೀತು' ಎಂದ ಫೌಜದಾರ. 'ಆದ್ರೂ ಒಂದೀಟು ಸುಟ್ಟು ನೋಡೂದು ನಮ್ಮ ಪದ್ಧತಿ. ನಾಳೆ ಏನಾರ ಆದ್ರ ನನ್ನ ಕೊರಳಿಗೆ ಬರ್ತೈತಿ.' ಡಾಕಪ್ಪ ಮೊದಲ ಸೀಸೆಯ ಬಿರಡೆ ತಿರುವಿದ. ಒಳಗೆ ಗಾಳಿ ಸೋಂಕದಂತೆ ತುಂಬಿಸಿಟ್ಟಿದ್ದ ಅನಿಲ ಪಿಸ್ಸೆಂದು ಹೋಯಿತು. 'ಒಂದು ಚೂರು ಸಾಕ್ರಿ ಸರ್' ಎಂದ ಜಹಾಂಗೀರ, 'ಬ್ಯಾರೆ ಬ್ಯಾರೆ ಇಡಬೇಕ್ರಿ ಅವು.' ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ಡಾಕಪ್ಪ ಕೇಳಿಸಿಕೊಂಡನೋ ಇಲ್ಲವೋ. ಸೀಸೆಯ ತಳದಲ್ಲಿ ಏನಾದರೂ ಮುಚ್ಚಿಟ್ಟಿದೆಯೋ ನೋಡಲು ಮೇಜಿನ ಮೇಲೆ ಹಾಸಿದ ಪೇಪರಿನ ಮೇಲೆ ಬೋರಲು ಹಾಕಿದ. ಎರಡನೆಯದನ್ನೂ ಅದರ ಮೇಲೆಯೇ ಸುರಿದ. ಜಹಾಂಗೀರ ಎದ್ದು ನಿಂತ. ಮೂರನೆಯದೂ ಬಿತ್ತು. ಡಾಕಪ್ಪ ಬೆರಳಿನಿಂದ ಆ ಗುಡ್ಡೆಯನ್ನು ಕೆದರಿ, ಕಲೆಸಿ, ಒಂದು ಚಿಟಿಕೆ ತೆಗೆದು ಡಬ್ಬಿಯ ಮುಚ್ಚಳದಲ್ಲಿಟ್ಟು ಕಡ್ಡಿ ಗೀರಿದ. ಅದು ಮೊದಲು ಕರಗಿ ಕಣ್ಣೀರಿನಂತೆ ತಿಳಿಯಾಯಿತು, ಆಮೇಲೆ ಸಣ್ಣಗೆ ಉರಿಯಿತು. ಆರಿಸಿದ ಮೇಣಬತ್ತಿಯ ವಾಸನೆ ಪೆಂಡಾಲು ತುಂಬಿತು. 'ಮೇಣಬತ್ತಿ ಇದ್ದಂಗ ಐತ್ರಿ ಸಾಹೇಬ್ರ' ಎಂದ ಡಾಕಪ್ಪ. ಫೌಜದಾರ ಗುಡ್ಡೆಯತ್ತ ನೋಡಿ, 'ಎಲ್ಲಾ ಒಂದ ನಮೂನಿ ಬಿಳೇ ಅದಾವಲ್ರಿ. ಮೂರು ಬಾಟ್ಲಿ ಯಾಕ ಬೇಕಿತ್ತು?' ಎಂದ. ಆಮೇಲೆ ಜಹಾಂಗೀರನ ಮುಖ ನೋಡಿ, 'ಕೂಡಿಸಬಾರದಿತ್ತೇನು?' ಎಂದು ಕೇಳಿದ. ಖರೇ ಕೇಳಿದ. ಆ ಪ್ರಶ್ನೆಗೆ ಉತ್ತರ ಹೇಳಲು ಒಂದು ಕ್ಷಣವಿತ್ತು.

'ಇರಲಿ ಬಿಡ್ರಿ ಸರ್' ಎಂದ ಜಹಾಂಗೀರ.

ಡಾಕಪ್ಪ ಪೇಪರನ್ನು ದೋಣಿಯಂತೆ ಮಡಿಸಿ, ಹಿಡಿಸಿದಷ್ಟನ್ನು ಒಂದು ಸೀಸೆಗೆ ತುಂಬಿ, ಉಳಿದದ್ದನ್ನು ಇನ್ನೊಂದಕ್ಕೆ ತುಂಬಿ, ಒಪ್ಪವಾಗಿ ಹತ್ತಿ ಸುತ್ತಿ ಕೊಟ್ಟ. ಫೌಜದಾರ ಕೈ ಮುಂದೆ ಮಾಡಿದ. ಜಹಾಂಗೀರ ಕೈ ಕುಲುಕಿದ. 'ಥ್ಯಾಂಕ್ಸ್ ಸರ್' ಎಂದ. ಯಾರೂ ಅದನ್ನು ಅವನಿಂದ ಕೇಳಿರಲಿಲ್ಲ.

ರಾಣೆಬೆನ್ನೂರಿನ ಕಡೆ ಹೊರಟಿದ್ದ ಒಂದು ಟೆಂಪೋವನ್ನು ಫೌಜದಾರನೇ ಕೈ ಮಾಡಿ ನಿಲ್ಲಿಸಿ ಹತ್ತಿಸಿದ. ಅದಕ್ಕೂ ಜಹಾಂಗೀರ ಕೈ ಎತ್ತಿ ನಮಸ್ಕಾರ ಮಾಡಿದ. ಹಿಂದೆ ಹತ್ತಿಬೀಜದ ಚೀಲಗಳ ಮೇಲೆ ಕೂತಾಗ ಬಿಸಿಗಾಳಿ ಗಲ್ಲದ ಗಾಯಕ್ಕೆ ಹೊಡೆಯುತ್ತಿತ್ತು. ಡಬ್ಬಿ ತೊಡೆಯ ಮೇಲಿತ್ತು. ಬೇರ್ಪಡಿಸಲು ಬರುವುದಿಲ್ಲ. ಮೂರರ ಅಣುವಿನ ತೂಕವೂ ಒಂದೇ ಬರಲೆಂದು ಅವನೇ ಹಟದಿಂದ ಮಾಡಿದ್ದ. ಎರಡು ವರ್ಷದ ಜಾಣತನವೆಲ್ಲ ಅದೇ ಆಗಿತ್ತು, ಕವಲೊಂದನ್ನು ಬಿಟ್ಟು ಬೇರೆ ಯಾವುದರಲ್ಲೂ ಅವು ಭಿನ್ನವಾಗಿರಬಾರದು. ಈಗ ಇದನ್ನು ಕರಗಿಸಿದರೆ ಅದೂ ಹರಿಯುತ್ತದೆ, ಅದೂ ತಡೆಯುತ್ತದೆ, ಯಂತ್ರದ ಕಾಗದದ ಮೇಲೆ ಒಂದು ಗೆರೆಯೂ ಬರುತ್ತದೆ. ಆದರೆ ಆ ಗೆರೆ ಯಾರದು ಎಂದು ಹೇಳಲಾಗುವುದಿಲ್ಲ. ಪುಣೆಯ ಗುರುಗಳು ಸಿಟ್ಟಾಗುವುದಿಲ್ಲ. ತುಟಿ ಕೊಂಕಿಸಿ, ಬಸ್ಸಿನಲ್ಲಿ ಏಕೆ ಒಯ್ದೆ, ಊರಿಗೆ ಏಕೆ ಹೋದೆ ಎನ್ನುತ್ತಾರೆ. ಅಮ್ಮಾ ಹಬ್ಬಕ್ಕೆ ಬಾ ಎಂದಳು ಎಂದು ಹೇಳಬೇಕು. ಅಮ್ಮಾ ಗಡ್ಡ ತೆಗೆ ಎಂದಳು, ತೆಗೆದೆ. ಫೌಜದಾರ ಕಥೆ ಹೇಳು ಎಂದ, ಹೇಳಿದೆ. ಎಷ್ಟು ಚೆಂದ ಹೇಳಿದೆ. ತನ್ನ ಬದುಕಿನ ಅತಿ ಒಳ್ಳೆಯ ಮಾತುಗಳನ್ನು ಅವನು ಆ ಪೆಂಡಾಲಿನಲ್ಲಿ ಖರ್ಚು ಮಾಡಿದ್ದ. ಕೋಲು ಎತ್ತಿದವನ ಮುಂದೆ ಬಾಲ ಅಲ್ಲಾಡಿಸುವುದಕ್ಕೆ. ಆ ಶಾವಿಗೆ, ಆ ಜಾಲಿ ಕಂಟಿ, ಇನ್ನು ಯಾರ ಮುಂದೆ ಹೇಳಹೋದರೂ ಮೊದಲು ಆ ಬಿಳಿ ಹಲ್ಲು ಕಾಣಿಸುತ್ತದೆ. ಟೆಂಪೋ ಕುಲುಕಿದಾಗಲೆಲ್ಲ ಡಬ್ಬಿಯೊಳಗೆ ಖಾಲಿ ಸೀಸೆ ಟಣ್ ಎನ್ನುತ್ತಿತ್ತು, ಅವನು ಅದನ್ನು ಮುಷ್ಟಿಯಿಂದ ಗುದ್ದಿದ. ಗುದ್ದಿದ ಮೇಲೂ ಟಣ್ ಎಂದಿತು.

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸು ನಿಲ್ಲುವ ಕಡೆ ಕಲ್ಲುಬೆಂಚಿನ ಮೇಲೆ ಪ್ರಭುಲಿಂಗಪ್ಪ ಸರ್ ಕೂತಿದ್ದರು. ಮನೆಗೆ ಹೋಗಿರಲಿಲ್ಲ, ಮೆಣಸಿನಕಾಯಿ ಚೀಲ ಕಾಲ ಬಳಿ ಇತ್ತು. ಅವನನ್ನು ಕಂಡು ಎದ್ದು ನಿಂತರು. 'ಬಿಟ್ಟರಾ?' ಎಂದರು. ಅವನು ಚೀಲ ಕೆಳಗಿಟ್ಟ. 'ಬಡದರೇನು?' ಅವನು ಇಲ್ಲವೆಂದು ತಲೆಯಾಡಿಸಿದ. ಸರ್ ಉಸಿರು ಬಿಟ್ಟರು. 'ನನ್ನ ಬಾಯಾಗಿಂದ ಅದು ಹೆಂಗ ಬಂತೋ ನನಗ ಗೊತ್ತಿಲ್ಲ, ಜಹಾಂಗೀರ. ಆ ಪೊಲೀಸಪ್ಪ ತಲಿ ಎತ್ತಿ ನೋಡಿದ ನೋಡು, ಅಷ್ಟ. ಬಸ್ಸಿನ್ಯಾಗ ಎಲ್ಲಾರೂ ನನ್ನ ಮುಖ ನೋಡಾಕತ್ತಿದ್ದರು. ಬಾಯಿ ಒಣಗಿತು. ನಾ ಇಲ್ಲೇ ಕುಂತು ಅದನ್ನ ವಿಚಾರ ಮಾಡಾಕತ್ತೇನಿ.'

ಅವರು ಏನಾದರೂ ನೆವ ಹೇಳಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವರ ಖರೇತನ ಅವನನ್ನು ಇನ್ನಷ್ಟು ಕೆರಳಿಸಿತು.

'ನಾನು ಯಾರು ಅಂತ ಈಗ ನೆನಪಾತೇನ್ರಿ?'

'ಹಂಗನಬ್ಯಾಡೋ. ಬಾ, ಮನಿಗೆ ಬಾ. ಉಂಡು ಹೋಗಂತಿ. ಬೆಂಗಳೂರು ಬಸ್ಸು ಇನ್ನೊಂದು ಬರ್ತೈತಿ.'

'ಎಲ್ಲಿ ಕುಂದರಸ್ತೀರಿ? ಕಟ್ಟೀಮ್ಯಾಲ?'

ಸರ್‌ರ ಮುಖ ಹಿಂಡಿದ ಬಟ್ಟೆಯಂತಾಯಿತು. ಆ ಮಾತು ಅನ್ಯಾಯದ್ದೆಂದು ಜಹಾಂಗೀರನಿಗೆ ಗೊತ್ತಿತ್ತು. ಆ ಊರಿನಲ್ಲಿ ಅವನ ಪಕ್ಕದಲ್ಲಿ ಕೂತು ಉಂಡಿದ್ದ ಒಬ್ಬರೇ ಒಬ್ಬರು ಇವರು. ಅದಕ್ಕಾಗಿ ಅವರ ತಾಯಿ ತಿಂಗಳುಗಟ್ಟಲೆ ಅವರೊಡನೆ ಮಾತು ಬಿಟ್ಟಿದ್ದರೆಂದು ಆಮೇಲೆ ಯಾರೋ ಹೇಳಿದ್ದರು. ಗೊತ್ತಿದ್ದೇ ಅಂದ. ಅನ್ನುವಾಗ ಒಂದು ಕೆಟ್ಟ ಸುಖ ಅವನ ಬೆನ್ನುಹುರಿಯಲ್ಲಿ ಏರಿತು, ಮರುಕ್ಷಣದಲ್ಲಿ ಅದು ಹುಳಿಯಾಯಿತು. ಪೆಂಡಾಲಿನಲ್ಲಿ ಒಂದು ಎದುರು ಮಾತೂ ಆಡದವನು ಇಲ್ಲಿ, ಏನೂ ಮಾಡಲಾರದ ಮುದುಕನ ಮುಂದೆ ಗಂಡಸಾಗಿದ್ದ. ಮುಂಜಾನೆ ಬಿಸಿನೀರು ಇಟ್ಟ ತಾಯಿಯ ಮುಂದೆ ಆದಂತೆ. ಸಿಟ್ಟು ಹೋಗಬೇಕಾದಲ್ಲಿಗೆ ಹೋಗದೆ, ಇಳಿಜಾರು ಕಂಡಲ್ಲೆಲ್ಲ ಹರಿಯುತ್ತಿತ್ತು.

ಬೆಂಗಳೂರಿನ ಬಸ್ಸು ಬಂತು. ಜನ ಕಿಟಕಿಯಿಂದ ಟವೆಲು ಒಗೆದು ಜಾಗ ಹಿಡಿದರು. ಸರ್ ಅವನ ಚೀಲಕ್ಕೆ ಕೈ ಹಾಕಿ, 'ಹತ್ತು, ನಾ ಕೊಡ್ತೇನಿ' ಎಂದರು. ಅವನು ಚೀಲ ಬಿಡಿಸಿಕೊಂಡು ಬ್ಯಾ‌ಡಗಿಯ ಬಸ್ಸು ನಿಂತಿದ್ದ ಕಡೆ ನಡೆದ. 'ಆ ಕಡೆ ಎಲ್ಲಿಗೋ? ಜಹಾಂಗೀರ, ಎಲ್ಲಿಗೆ ಹೊಂಟಿ?' ಎಂದು ಹಿಂದಿನಿಂದ ಕೇಳಿತು. ಸರ್ ಅವನ ಹೆಸರನ್ನು ಎಲ್ಲರಿಗೂ ಕೇಳುವಂತೆ, ಎರಡು ಮೂರು ಸಲ ಕೂಗಿದರು. ಅವನು ತಿರುಗಲಿಲ್ಲ.

ಪೆಂಡಾಲಿನ ಹತ್ತಿರ ಇಳಿದಾಗ ಫೌಜದಾರ ಊಟಕ್ಕೆ ಕೂತಿದ್ದ. ಡಬ್ಬಿಯಲ್ಲಿ ರೊಟ್ಟಿ, ಹೆಸರುಕಾಳಿನ ಪಲ್ಯೆ. ತುತ್ತು ಬಾಯಲ್ಲಿಟ್ಟುಕೊಂಡೇ, 'ಬರ್ರಿ, ಬರ್ರಿ. ಏನಾರ ಬಿಟ್ಟು ಹೋಗಿದ್ರೇನು?' ಎಂದ. ದಾರಿಯುದ್ದಕ್ಕೂ ಜಹಾಂಗೀರ ಏನೇನೋ ಜೋಡಿಸಿಕೊಂಡು ಬಂದಿದ್ದ, ಕಾನೂನಿನ ಮಾತು, ದೊಡ್ಡ ಮಾತು. ಈಗ ಒಂದೂ ಬರಲಿಲ್ಲ. ಮುಂಜಾನೆ ನೀರಿನಂತೆ ಹರಿದ ನಾಲಿಗೆ ಕಟ್ಟಿಗೆಯಾಗಿತ್ತು.

'ನಾ ಹೋಗೂಮುಂದ ನಿಮಗ ಥ್ಯಾಂಕ್ಸ್ ಅಂದಿದ್ದೆ' ಎಂದ. 'ಅದನ್ನ ವಾಪಸ್ ತಗೊಳ್ಳಾಕ ಬಂದೇನಿ.'

ಫೌಜದಾರನ ದವಡೆ ನಿಂತಿತು. ಡಾಕಪ್ಪನತ್ತ ನೋಡಿದ. ನಗಬೇಕೋ ಬೇಡವೋ ತಿಳಿಯದೆ, 'ಏನಂದ್ರಿ?' ಎಂದ.

'ಇರಲಿ ಬಿಡ್ರಿ ಅಂತಾನೂ ಅಂದಿದ್ದೆ. ಅದು ಸುಳ್ಳು. ಆ ಮೂರು ಕೂಡಿಸಬಾರದಿತ್ತು. ಎರಡು ವರ್ಷದ ಕೆಲಸ ಅದು. ನೀವು ಹಾಳು ಮಾಡಿದ್ರಿ. ನಾ ನಕ್ಕೆ. ನಗಬಾರದಿತ್ತು.'

'ಅಷ್ಟು ದೂರದಿಂದ ಹೊಳ್ಳಿ ಬಂದದ್ದು ಇದನ್ನ ಹೇಳಾಕ?'

'ಹೂಂ.'

ಫೌಜದಾರ ಕೈ ತೊಳೆದುಕೊಂಡ. ಬೆರಳು ಒಂದೊಂದಾಗಿ ಒರೆಸಿಕೊಂಡ. ಅವನ ಮುಖದಲ್ಲಿ ಸಿಟ್ಟಿಗಿಂತ ಮೊದಲು ನೋವು ಕಾಣಿಸಿತು, ಉಪಕಾರ ಮಾಡಿ ಬೈಸಿಕೊಂಡವನ ನೋವು. 'ನಾ ನಿಮ್ಮನ್ನ ಬಡದೇನಾ? ಬೈದೇನಾ? ಕುರ್ಚಿ ಕೊಟ್ಟೆ. ಚಾ ಕುಡಿಸಿದೆ. ಗಾಡಿ ಮಾಡಿ ಕೊಟ್ಟೆ. ಕೂಡಿಸಬಾರದಿತ್ತೇನು ಅಂತ ಬಾಯಿಬಿಟ್ಟು ಕೇಳಿದೆ. ಬ್ಯಾರೆ ಯಾರಾರ ಆಗಿದ್ರ ನೀವು ಈ ಹೊತ್ತಿಗೆ ಎಲ್ಲಿರ್ತಿದ್ರಿ ಗೊತ್ತೈತೇನು?'

'ಗೊತ್ತೈತಿ' ಎಂದ ಜಹಾಂಗೀರ. 'ಅದು ಗೊತ್ತಿದ್ದದ್ದಕ್ಕ ನಕ್ಕಿದ್ದು.'

ಲಾರಿಯೊಂದು ಹೋಯಿತು, ಪೆಂಡಾಲಿನ ಬಟ್ಟೆ ಉಬ್ಬಿ ಇಳಿಯಿತು. ಆಮೇಲೆ ಫೌಜದಾರ ಟೋಪಿ ಹಾಕಿಕೊಂಡ, ಅವನತ್ತ ನೋಡದೆ ಹೇಳಿದ, 'ಡಾಕಪ್ಪ, ಇವನ್ನ ಅಲ್ಲಿ ಹೊರಗ ಕುಂದರಸು. ಸಂಜೀತನ ಕುಂದರ್ಲಿ. ಪುಣೆಕ್ಕ ಫೋನ್ ಹಚ್ಚಿ ವಿಚಾರಸೋಣ.' ಮಾತಿನಿಂದ ರೀ ಹೋಗಿತ್ತು. ಜಹಾಂಗೀರನಿಗೆ ಏನೋ ಸರಿಯಾದಂತೆ, ಎಲುಬು ತನ್ನ ಕೀಲಿಗೆ ತಾನು ಕೂತಂತೆ ಅನ್ನಿಸಿತು.

ಹೊರಗೆ ಒಂದು ಕಲ್ಲಿನ ಮೇಲೆ ಅವನು ಕೂತ. ನೆರಳಿರಲಿಲ್ಲ. ನಾಳೆಯ ಯಂತ್ರದ ದಿನ ಬೇರೆ ಯಾರಿಗೋ ಹೋಗುತ್ತದೆ, ಮತ್ತೆ ಯಾವಾಗಲೋ. ಮತ್ತೆ ಮಾಡಬೇಕು, ಮೊದಲಿನಿಂದ. ಮಾಡುತ್ತೇನೋ ಇಲ್ಲವೋ ಎಂದು ಅವನು ಕೇಳಿಕೊಳ್ಳಲಿಲ್ಲ. ಬಸ್ಸುಗಳು ಬಂದು ನಿಂತವು. ಕಿಟಕಿಗಳಿಂದ ಮುಖಗಳು ಅವನನ್ನು ನೋಡಿದವು: ಕಳ್ಳನಿರಬೇಕು, ಅಲ್ಲ, ಆ ಬಾಂಬಿನವರ ಪೈಕಿ ಇರಬೇಕು. ಅವನು ಒಂದೊಂದು ಮುಖವನ್ನೂ ತಿರುಗಿ ನೋಡಿದ, ಅದು ಬೇರೆ ಕಡೆ ತಿರುಗುವ ತನಕ. ಡಾಕಪ್ಪ ಒಮ್ಮೆ ತಂಬಿಗೆಯಲ್ಲಿ ನೀರು ತಂದು ಕೊಟ್ಟು, ಹತ್ತಿರ ಬಾಗಿ, 'ಯಾಕ ಬೇಕಾಗಿತ್ರಿ ನಿಮಗಿದು? ಬಿಟ್ಟಿದ್ರು, ಹೋಗಿದ್ರಿ' ಎಂದ. ಜಹಾಂಗೀರ ಕುಡಿದು ತಂಬಿಗೆ ಕೊಟ್ಟ.

ಹೊತ್ತು ಇಳಿದ ಮೇಲೆ ಜೀಪು ಬಂದು ಫೌಜದಾರ ಹೊರಟುಹೋದ. ಫೋನು ಹಚ್ಚಿದ್ದನೋ ಇಲ್ಲವೋ, ಯಾರೂ ಹೇಳಲಿಲ್ಲ. ಪಾಳಿ ಬದಲಿಸಲು ಬಂದ ಹೊಸ ಪೇದೆ, 'ಯಾರಿವರು?' ಎಂದ. ಡಾಕಪ್ಪ ಪೆಂಡಾಲಿನ ಹಗ್ಗ ಬಿಗಿಯುತ್ತ, 'ಸುಮ್ಮನ ಕುಂತಾರ' ಎಂದ. ಆಮೇಲೆ ಇತ್ತ ತಿರುಗಿ, 'ಏಳ್ರಿ, ಹೋಗ್ರಿ ಇನ್ನ' ಎಂದ. ಜಹಾಂಗೀರ ಎದ್ದ. ಕಾಲು ಜೋಮು ಹಿಡಿದಿತ್ತು. ಊರ ಕಡೆ ಹೊರಟು ನಿಂತಿದ್ದ ಬಸ್ಸು ಹತ್ತಿದ. ಒಳಗೆ ಪೇಟೆ ಮುಗಿಸಿ ಹೊರಟ ಜನ, ಖಾಲಿ ಬುಟ್ಟಿಗಳು. ಎಲ್ಲರೂ ಅವನು ಎಲ್ಲಿಂದ ಎದ್ದು ಬಂದನೆಂದು ನೋಡಿದ್ದರು.

'ಎಲ್ಲಿಗೆ?' ಎಂದ ಕಂಡಕ್ಟರ.

'ಬ್ಯಾಡಗಿ' ಎಂದ ಜಹಾಂಗೀರ. ಅವನ ದನಿಗೆ ಮುಂದಿನ ಸೀಟಿನ ಮಗು ಎಚ್ಚರಾಯಿತು.

'ಒದರಬ್ಯಾಡ್ರಿ, ಕೇಳ್ತೈತಿ ನನಗ' ಎಂದ ಕಂಡಕ್ಟರ, ಟಿಕೀಟು ಹರಿಯುತ್ತ.

ಜಹಾಂಗೀರ ಇನ್ನೊಮ್ಮೆ ಹೇಳಿದ, ಅಷ್ಟೇ ಜೋರಾಗಿ.